ಅರಿವಳಿಕೆಯ ಅನಿಲ ದೇಹದಲ್ಲಿ ಉಳಿಯುವುದೇ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನರಿಗೆ ಕೊಳವೆಬಾವಿ ನೀರಿನ ಫ್ಲೋರೈಡ್ ಹೊಸದಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಉಸಿರಿನ ಮೂಲಕ ಕೊಡುವ ಅರಿವಳಿಕೆಯಿಂದಲೂ ಫ್ಲೋರೈಡ್ ಉಂಟಾಗಬಹುದು ಎಂದು ಕೇಳಿದರೆ ಅವರು ಗಾಬರಿಯಾಗುವುದು ಸಹಜ.

ಅರಿವಳಿಕೆ ಅನಿಲದ ಬಹುಪಾಲು ಬಂದ ದಾರಿಯಲ್ಲೇ, ಉಸಿರಿನೊಡನೆ ಹೊರಹೋಗುತ್ತದೆ. ಉಳಿದ ಸ್ವಲ್ಪ ಭಾಗವನ್ನು ಪಿತ್ತಜನಕಾಂಗ ಒಡೆಯುತ್ತದೆ. ಸೆವೊಫ್ಲುರೇನ್ ಆದರೆ ಶೇಕಡ 2ರಿಂದ 5, ಐಸೊಫ್ಲುರೇನ್ ಆದರೆ ಶೇಕಡ 0.2ರಷ್ಟು ಮಾತ್ರ ಹೀಗೆ ಒಡೆಯುತ್ತದೆ. ಸೆವೊಫ್ಲುರೇನ್‌ನಿಂದ ಹುಟ್ಟುವ ಫ್ಲೋರೈಡ್‌ನ ಮಟ್ಟ, ಮೂತ್ರಪಿಂಡಗಳು ಚೆನ್ನಾಗಿದ್ದರೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಲ್ಲು, ಮೂಳೆಗಳನ್ನು ಕೆಡಿಸುವುದು ವರ್ಷಗಟ್ಟಲೆ ದಿನವೂ ಕುಡಿಯುವ ಫ್ಲೋರೈಡ್ ನೀರು. ಎಂದೋ ಒಮ್ಮೆ ಪಡೆದ ಅರಿವಳಿಕೆಯಲ್ಲ.

ಎಚ್ಚರ ಬೇಕಾದದ್ದು ಬೇರೊಂದು ವಿಷಯದಲ್ಲಿ. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಸುಮಾರು ಶೇಕಡ 20ರಷ್ಟು ದೇಹದಲ್ಲೇ ಒಡೆಯುತ್ತದೆ. ಆ ತುಣುಕುಗಳು ಪಿತ್ತಜನಕಾಂಗದ ಪ್ರೋಟೀನುಗಳಿಗೆ ಅಂಟಿಕೊಂಡಾಗ, ಅಪರೂಪವಾಗಿ ಕೆಲವರ ದೇಹ ಅವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ರಾಸಾಯನಿಕ ಹೊರಹೋದರೂ ಈ ಗುರುತು ಉಳಿಯುತ್ತದೆ. ಅದೇ ಅನಿಲವನ್ನೋ ಅದರ ಜಾತಿಯ ಇನ್ನೊಂದನ್ನೋ ಮತ್ತೆ ಕೊಟ್ಟರೆ ಪಿತ್ತಜನಕಾಂಗ ಕೆಟ್ಟು ಪ್ರಾಣಕ್ಕೇ ಅಪಾಯವಾಗಬಹುದು.

ಆದ್ದರಿಂದ ಹಿಂದೆ ಅರಿವಳಿಕೆಯ ನಂತರದ ದಿನಗಳಲ್ಲಿ ಕಾರಣ ತಿಳಿಯದ ಜ್ವರ, ಕಾಮಾಲೆ ಬಂದಿದ್ದರೆ ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಿ. ಮೂತ್ರಪಿಂಡದ ತೊಂದರೆಯಿದ್ದರೆ ಅದನ್ನೂ ಮುಚ್ಚಿಡಬೇಡಿ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಹಳೆಯ ಚೀಟಿಗಳನ್ನು ಜೋಪಾನವಾಗಿಡಿ; ಮುಂದಿನ ಶಸ್ತ್ರಚಿಕಿತ್ಸೆಗೆ ಸರಿಯಾದ ಅನಿಲವನ್ನು ಆರಿಸಲು ವೈದ್ಯರಿಗೆ ಅವೇ ಆಧಾರ.