ಚಾಸಾ-1ಕ್ಕೂ ಒಬ್ಬ ವಕೀಲರು

ಪೊಲೀಸರು ಕೋರ್ಟಿಗೆ ಸಲ್ಲಿಸುವ ದೋಷಾರೋಪಣಾ ಪಟ್ಟಿಯಲ್ಲಿ ಮೊದಲು ಬರುವವರು ಆರೋಪಿಗಳು: ಎ-1, ಎ-2, ಎ-3. ಹಾಳೆ ತಿರುವುತ್ತ ಹೋದರೆ ಸಾಕ್ಷಿದಾರರ ಪಟ್ಟಿ ಸಿಗುತ್ತದೆ. ಪಂಚರು, ವೈದ್ಯರು, ತನಿಖಾಧಿಕಾರಿ ಎಲ್ಲರೂ ಅಲ್ಲಿರುತ್ತಾರೆ. ಅವರೆಲ್ಲರಿಗಿಂತ ಮೇಲೆ, ಸಾಮಾನ್ಯವಾಗಿ ಮೊದಲ ಸಾಲಿನಲ್ಲೇ, ಚಾಸಾ-1, ಅಂದರೆ ಚಾರ್ಜ್‌ಶೀಟಿನ ಮೊದಲ ಸಾಕ್ಷಿ. ಏಟು ತಿಂದವಳು, ಮಗನ ಹೆಣ ಗುರುತಿಸಿದವಳು, ಆಸಿಡ್‌ನಿಂದ ಮುಖ ಬೆಂದವಳು ಆ ಸಾಲಿನಲ್ಲಿರುತ್ತಾಳೆ. ವಿಚಾರಣೆಯಲ್ಲಿ ಸಾಕ್ಷಿಕಟ್ಟೆ ಹತ್ತಿದ ದಿನ ಅವಳು ಪಿಸಾ-1, ಅಂದರೆ ಪ್ರಾಸಿಕ್ಯೂಷನ್ ಪರ ಮೊದಲ ಸಾಕ್ಷಿ, ಆಗುತ್ತಾಳೆ. ಸರ್ಕಾರಿ ಅಭಿಯೋಜಕರು ವಾದಿಸುವುದು ರಾಜ್ಯದ ಪರವಾಗಿ. ಕೇಸಿನ ಹೆಸರಿನಲ್ಲೂ ಅವಳಿಲ್ಲ. ಅಲ್ಲಿರುವುದು ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’. ಆರೋಪಿಗೆ ವಕೀಲರನ್ನಿಡುವ ಶಕ್ತಿ ಇಲ್ಲದಿದ್ದರೆ ಕೋರ್ಟೇ ಒಬ್ಬರನ್ನು ಕೊಡುತ್ತದೆ. ಅದು ಆಗಲೇಬೇಕಾದದ್ದು. ಆದರೆ ಅವಳ ಪಕ್ಕದಲ್ಲಿ ನಿಲ್ಲುವವರು ಯಾರು ಎಂಬುದು ನಮ್ಮ ಕಾನೂನಿಗೆ ಹೊಳೆದದ್ದು ಬಹಳ ತಡವಾಗಿ.

2022ರಲ್ಲಿ ದೇಶದಲ್ಲಿ ದಾಖಲಾದ ಸಂಜ್ಞೇಯ ಅಪರಾಧಗಳು 58,24,946. ಇವೆಲ್ಲದರಲ್ಲೂ ನೊಂದವರೊಬ್ಬರು ಇರುತ್ತಾರೆಂದಲ್ಲ. ಮಹಿಳೆಯರ ಮೇಲಿನ ಅಪರಾಧಗಳನ್ನಷ್ಟೇ ತೆಗೆದುಕೊಂಡರೆ 4,45,256, ಅಂದರೆ ಗಂಟೆಗೆ 51. ತುಮಕೂರಿನಲ್ಲಿ ಬಸ್ಸು ಹತ್ತಿ ಒಂದೂವರೆ ಗಂಟೆಯಲ್ಲಿ ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ದೇಶದ ಠಾಣೆಗಳಲ್ಲಿ 76 ಹೊಸ ಎಫ್‌ಐಆರ್. ಅದೇ ವರ್ಷ ಕೊಲೆ ಪ್ರಕರಣಗಳು 28,522. ಸತ್ತವರ ಹಿಂದೆ ಮನೆಗೆ ನಾಲ್ವರೆಂದು ಹಿಡಿದರೂ ಒಂದೇ ವರ್ಷದಲ್ಲಿ 1,14,000 ಜನ ಕೋರ್ಟು, ಠಾಣೆ, ಶವಾಗಾರದ ಭಾಷೆಯನ್ನು ಹೊಸದಾಗಿ ಕಲಿಯಬೇಕಾಯಿತು. ಠಾಣೆಗೆ ಬಾರದೆ ಉಳಿದವರು ಈ ಲೆಕ್ಕದಲ್ಲಿಲ್ಲ.

ಇನ್ನು ಕಾನೂನು ತೆರೆದಿಟ್ಟ ಬಾಗಿಲಿನ ಅಗಲ ನೋಡಿ. ಉಚಿತ ಕಾನೂನು ನೆರವು 1976ರಲ್ಲಿ 39ಎ ವಿಧಿಯಾಗಿ ಸಂವಿಧಾನ ಸೇರಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆದದ್ದು 1987ರಲ್ಲಿ, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಂ ಯಾರಿಗೆಲ್ಲ ನೆರವು ಎಂದು ಹೇಳುತ್ತದೆ. ಅಲ್ಲಿ ‘ಮಹಿಳೆ’ ಎಂದಷ್ಟೇ ಇದೆ. ಬಡ ಮಹಿಳೆ ಎಂದಿಲ್ಲ, ವಿಧವೆ ಎಂದಿಲ್ಲ. ಆದಾಯದ ಪ್ರಶ್ನೆಯೇ ಏಳುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ 6.11 ಕೋಟಿ ಜನರಲ್ಲಿ ಹೆಣ್ಣುಮಕ್ಕಳು 3.01 ಕೋಟಿ. ಅಷ್ಟೂ ಜನ ಈ ಒಂದೇ ಪದದಡಿ ಬಂದರು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಆದಾಯದ ಮಿತಿಯಿಲ್ಲ. ಆ ಸಮುದಾಯಗಳ ಗಂಡಸರನ್ನು ಸೇರಿಸಿದರೆ ಇನ್ನೂ 70 ಲಕ್ಷಕ್ಕೂ ಹೆಚ್ಚು. ಇಲ್ಲಿಗೇ ರಾಜ್ಯದ ಐವರಲ್ಲಿ ಮೂವರು ಒಳಗೆ ಬಂದಾಯಿತು. ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೂ ಜೀತಕ್ಕೂ ಸಿಕ್ಕವರು, ನೆರೆ-ಭೂಕಂಪದಲ್ಲಿ ಸಿಕ್ಕಿಬಿದ್ದವರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಕಡಿಮೆ ವರಮಾನದವರು ಇನ್ನೂ ಬಾಕಿ. ಹೊರಗೆ ಉಳಿದವರು ಯಾರೆಂದು ಹುಡುಕುವುದೇ ಸುಲಭ.

ಅರ್ಜಿಗೆ ಶುಲ್ಕವಿಲ್ಲ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಸಾಕು, ಅರೆಕಾಲಿಕ ಕಾನೂನು ಸ್ವಯಂಸೇವಕರೊಬ್ಬರು ಬರೆದುಕೊಳ್ಳುತ್ತಾರೆ. ಏಳು ದಿನದೊಳಗೆ ತೀರ್ಮಾನವಾಗಬೇಕು. ವಕೀಲರ ಫೀ ಮಾತ್ರವಲ್ಲ, ಕೋರ್ಟ್ ಶುಲ್ಕ, ಟೈಪಿಂಗ್, ದೃಢೀಕೃತ ನಕಲು, ದಾಖಲೆಗಳ ಅನುವಾದದ ಖರ್ಚನ್ನೂ ಪ್ರಾಧಿಕಾರವೇ ಹೊರುತ್ತದೆ. ಕೋರ್ಟಿಗೆ ಅಲೆದವರಿಗೆ ಗೊತ್ತು, ಬಡವರ ಸೊಂಟ ಮುರಿಯುವುದು ಇಂಥ ಚಿಲ್ಲರೆ ಖರ್ಚುಗಳೇ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಪರಿಹಾರದ ಕಲಂ. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಸೇರಿ ಜಾರಿಗೆ ಬಂದದ್ದು 2009ರ ಡಿಸೆಂಬರ್ 31ರಂದು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಅದರ ಪ್ರಕಾರ ಅಪರಾಧಿ ಸಿಕ್ಕಿಬಿದ್ದಿರಬೇಕೆಂದೇ ಇಲ್ಲ. ಯಾರೆಂದು ಗೊತ್ತಾಗದೆ, ವಿಚಾರಣೆಯೇ ನಡೆಯದೆ ಹೋದರೂ ನೊಂದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಪರಿಹಾರ ನಿಗದಿ ಮಾಡಬೇಕು. ರಾಜ್ಯ ತನ್ನ ಪ್ರಜೆಯನ್ನು ಕಾಯಲಾಗಲಿಲ್ಲ, ಹಾಗಾಗಿ ಅದರ ಋಣ ಅದೇ ತೀರಿಸಲಿ ಎಂಬ ಮಾತಿದು. ಇಷ್ಟು ನೇರವಾಗಿ ನಮ್ಮ ಕಾನೂನು ಮಾತಾಡುವುದು ಅಪರೂಪ.

ಆಸಿಡ್ ದಾಳಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 2013ರಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ 3 ಲಕ್ಷ ಎಂದು ಹೇಳಿತು; ಅದರಲ್ಲಿ 1 ಲಕ್ಷ ಹದಿನೈದು ದಿನದಲ್ಲಿ ಕೈಸೇರಬೇಕು. 2018ರ ರಾಷ್ಟ್ರೀಯ ಯೋಜನೆಯಲ್ಲಿ ಮುಖ ವಿರೂಪಗೊಂಡವರಿಗೆ 7ರಿಂದ 8 ಲಕ್ಷ. ಆ ಯೋಜನೆಯಂತೆ ಪಾಸ್‌ಬುಕ್ಕಿಗೆ ಬರುವುದನ್ನು ಹತ್ತಿರದಿಂದ ನೋಡೋಣ. 7 ಲಕ್ಷ ಮಂಜೂರಾದರೆ ಖರ್ಚಿಗೆ ಸಿಗುವುದು ಕಾಲು ಭಾಗ, 1,75,000. ಉಳಿದ 5,25,000 ಕನಿಷ್ಠ ಮೂರು ವರ್ಷ ಠೇವಣಿಯಲ್ಲಿರುತ್ತದೆ. ಹಣ ಬಂತೆಂದು ಸುತ್ತುವರಿಯುವ ನೆಂಟರಿಂದ ಅವಳನ್ನು ಕಾಯುವ ಉಪಾಯವಿದು, ಅರ್ಥವಾಗುತ್ತದೆ. ಆದರೆ ರೆಪ್ಪೆ ಮುಚ್ಚಲಾಗದ ಕಣ್ಣಿಗೆ ಬೇಕಾದ ಶಸ್ತ್ರಚಿಕಿತ್ಸೆ ಮೂರು ವರ್ಷ ಕಾಯುವುದಿಲ್ಲ. ಚಿಕಿತ್ಸೆಗೆಂದು ಠೇವಣಿ ಮುರಿಸಲು ಯೋಜನೆಯಲ್ಲೇ ಅವಕಾಶವಿದೆ. ಅದನ್ನು ಕೇಳಿ ಪಡೆಯಲು ಮತ್ತೆ ವಕೀಲರು ಬೇಕು. ಆಸಿಡ್ ದಾಳಿಗೊಳಗಾದವರಿಗೆ, ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಬಿಲ್ ಕೌಂಟರಿನ ಮುಂದೆ ನಿಂತ ಎಷ್ಟು ತಂದೆ-ತಾಯಿಗೆ ಅದು ಗೊತ್ತಿರುತ್ತದೆ?

ಬಾಗಿಲು ಇಷ್ಟು ಅಗಲ, ಹಣದ ಗಂಟು ಮಾತ್ರ ತೀರಾ ಸಣ್ಣದು. ಇಂಡಿಯಾ ಜಸ್ಟೀಸ್ ರಿಪೋರ್ಟ್‌ನ 2025ರ ಲೆಕ್ಕದಲ್ಲಿ ದೇಶ ಪೊಲೀಸ್ ವ್ಯವಸ್ಥೆಗೆ ತಲಾ ವರ್ಷಕ್ಕೆ 1,275 ರೂಪಾಯಿ ಖರ್ಚು ಮಾಡಿದರೆ ಕಾನೂನು ನೆರವಿಗೆ ಮಾಡುವುದು ಸುಮಾರು 6 ರೂಪಾಯಿ. ದರ್ಶಿನಿಯಲ್ಲಿ ಅರ್ಧ ಕಾಫಿಯೂ ಬರದ ಆ ದುಡ್ಡಿನಲ್ಲಿ ವಕೀಲರ ಫೀ, ಸ್ವಯಂಸೇವಕರ ದಿನಗೌರವ, ಹಳ್ಳಿಹಳ್ಳಿಯ ಅರಿವು ಶಿಬಿರ ಎಲ್ಲವೂ ಆಗಬೇಕು.

1993ರ ಫೆಬ್ರವರಿಯಲ್ಲಿ ರಾಂಚಿಯಿಂದ ದೆಹಲಿಗೆ ಹೊರಟಿದ್ದ ಮೂರಿ ಎಕ್ಸ್‌ಪ್ರೆಸ್‌ನಲ್ಲಿ ಮನೆಗೆಲಸದ ಆದಿವಾಸಿ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಆ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಅತ್ಯಾಚಾರದ ಪ್ರಕರಣಗಳಿಗಾಗಿ ಬರೆದಿಟ್ಟ ಸೂಚನೆಗಳನ್ನು ಓದಿದರೆ ಇಂದಿನದೇ ಅನ್ನಿಸುತ್ತದೆ. ನೊಂದ ಹೆಣ್ಣಿಗೆ ಠಾಣೆಯಲ್ಲೇ ವಕೀಲರ ನೆರವು ಸಿಗಬೇಕು. ವಕೀಲರ ಪಟ್ಟಿಯೊಂದು ಠಾಣೆಯಲ್ಲಿರಬೇಕು. ಒಂದೇ ಒಂದು ಪ್ರಶ್ನೆ ಕೇಳುವ ಮೊದಲು ಪೊಲೀಸರು ‘ನಿಮಗೆ ವಕೀಲರ ಹಕ್ಕಿದೆ’ ಎಂದು ಅವಳಿಗೆ ಹೇಳಬೇಕು, ಹೇಳಿದ್ದೇವೆಂದು ವರದಿಯಲ್ಲಿ ಬರೆಯಬೇಕು. ಅಂಥ ಪ್ರಕರಣದ ದಾಖಲೆ ಕೈಗೆ ಬಂದಾಗ ಚಾಸಾ-1ರ ಹೆಸರು ನೋಡಿದ ಮೇಲೆ ಆ ಸಾಲು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅವಳಿಗೆ ಹೇಳಬೇಕಾದದ್ದು ಕಾನೂನು ನೆರವಿನ ಸಹಾಯವಾಣಿಯ ನಂಬರು, 15100. ಕರೆಗೆ ದುಡ್ಡಿಲ್ಲ, ದೂರು ಕೊಡುವ ಮೊದಲೇ ಮಾಡಿದರೂ ನಡೆಯುತ್ತದೆ.