ಭೂಮಿಯನ್ನು ತೂಗುವ ಜೋಡಿ ಉಪಗ್ರಹಗಳು

ಭೂಮಿಯ ಆಕಾರವೂ ಅದರ ಸೆಳೆತವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ತನ್ನ ಸುತ್ತ ತಾನೇ ತಿರುಗುವ ಭೂಮಿಗೆ ನಡು ಉಬ್ಬಿದೆ. ಸಮಭಾಜಕದ ಬಳಿ ಅದರ ತ್ರಿಜ್ಯ ಧ್ರುವಗಳಲ್ಲಿ ಇರುವುದಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಹಿಮಯುಗದ ಮಂಜುಗಡ್ಡೆಯ ಭಾರಕ್ಕೆ ತಗ್ಗಿದ್ದ ಕೆನಡಾದ ಹಡ್ಸನ್ ಕೊಲ್ಲಿಯ ನೆಲ, ಆ ಭಾರ ಕರಗಿ ಸಾವಿರಾರು ವರ್ಷಗಳಾದರೂ, ಇಂದಿಗೂ ವರ್ಷಕ್ಕೆ ಒಂದು ಸೆಂಟಿಮೀಟರ್‌ನಷ್ಟು ಮೇಲೇಳುತ್ತಲೇ ಇದೆ.

ಇಂಥ ನಿಧಾನದ ಚಲನೆ ಅಳೆಯಲೆಂದೇ 1976ರಲ್ಲಿ ನಾಸಾ ಲೇಜಿಯೋಸ್ ಉಪಗ್ರಹ ಹಾರಿಸಿತು. ಅದು 60 ಸೆಂಟಿಮೀಟರ್ ಅಡ್ಡಳತೆಯ, ನಾನೂರು ಕಿಲೋ ಆಸುಪಾಸಿನ ಲೋಹದ ಗುಂಡು. ಒಳಗೆ ಯಂತ್ರವಿಲ್ಲ, ಬ್ಯಾಟರಿಯಿಲ್ಲ. ಮೈತುಂಬ 426 ಪ್ರತಿಫಲಕಗಳು ಮಾತ್ರ. ನೆಲದಿಂದ ಬಿಟ್ಟ ಲೇಸರ್ ಕಿರಣ ಅದಕ್ಕೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ನಡುವಿನ ಉಬ್ಬು ಬದಲಾದಂತೆ ಕಕ್ಷೆ ಹೊರಳುವ ವೇಗವೂ ಬದಲಾಗುತ್ತದೆ. ಹಡ್ಸನ್ ಕೊಲ್ಲಿಯಂಥ ನೆಲ ಮೇಲೇಳುತ್ತಿರುವುದರಿಂದ ಉಬ್ಬು ಇಳಿಯುತ್ತಿದೆ ಎಂದು 1983ರಲ್ಲಿ ಗೊತ್ತಾದದ್ದು ಹೀಗೆ.

ಆದರೆ ಯಾವ ಪ್ರದೇಶದ ಮೇಲೆ ಭಾರ ಹೆಚ್ಚಿತು, ಎಲ್ಲಿ ಇಳಿಯಿತು ಎಂಬುದು ಒಂದು ಗುಂಡಿನಿಂದ ತಿಳಿಯುವುದಿಲ್ಲ. ಅದಕ್ಕೆ ಜೋಡಿಯೇ ಬೇಕಾಯಿತು. ಅಮೆರಿಕ ಮತ್ತು ಜರ್ಮನಿ ಸೇರಿ 2002ರ ಮಾರ್ಚ್ 17ರಂದು ಹಾರಿಸಿದ ಗ್ರೇಸ್ ಉಪಗ್ರಹಗಳು ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಓಡುತ್ತಿದ್ದವು. ಎದುರಿಗೆ ಬೆಟ್ಟಸಾಲೋ ಹಿಮರಾಶಿಯೋ ಬಂದರೆ ಮುಂದಿನದನ್ನು ಅದು ಮೊದಲು ಸೆಳೆಯುತ್ತದೆ, ಅಂತರ ಹಿಗ್ಗುತ್ತದೆ. ಮುಂದಿನದು ದಾಟಿಹೋದ ಮೇಲೆ ಅದನ್ನು ಹಿಂದಕ್ಕೆಳೆದು, ಹಿಂದಿನದನ್ನು ಮುಂದಕ್ಕೆಳೆಯುತ್ತದೆ, ಅಂತರ ಕುಗ್ಗುತ್ತದೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆಯಾದ ಹಿಗ್ಗು-ಕುಗ್ಗನ್ನೂ ಮೈಕ್ರೋವೇವ್ ಅಲೆಗಳು ಅಳೆಯುತ್ತಿದ್ದವು. ವಿರಳ ಗಾಳಿಯ ತಡೆ ಎಷ್ಟೆಂದು ಬೇರೊಂದು ಉಪಕರಣ ಹೇಳುತ್ತಿತ್ತು. ಅದನ್ನು ಕಳೆದರೆ ಉಳಿಯುವುದು ಗುರುತ್ವ. ಬೆಟ್ಟ ಕದಲುವುದಿಲ್ಲ. ಹಾಗಾಗಿ ತಿಂಗಳಿಂದ ತಿಂಗಳಿಗೆ ಸೆಳೆತ ಬದಲಾದರೆ ಬಹುಪಾಲು ಕಾರಣ ನೀರು.

ಗ್ರೇಸ್ ಅಳತೆಯ ಬಿಸಿ ಭಾರತಕ್ಕೆ ಮುಟ್ಟಿದ್ದು 2009ರಲ್ಲಿ. ರಾಜಸ್ಥಾನ, ಪಂಜಾಬ್, ಹರಿಯಾಣ ಮತ್ತು ದೆಹಲಿಯ ನೆಲದಡಿಯಿಂದ ಆರು ವರ್ಷಗಳಲ್ಲಿ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 3,850 ಟಿಎಂಸಿ. ಕೃಷ್ಣರಾಜಸಾಗರ ಎಪ್ಪತ್ತೈದಕ್ಕೂ ಹೆಚ್ಚು ಸಲ ತುಂಬುವಷ್ಟು. ಆ ವರ್ಷಗಳಲ್ಲಿ ಮಳೆ ತೀರಾ ಕೈಕೊಟ್ಟಿರಲಿಲ್ಲ. ಕೊಳವೆಬಾವಿಗಳು ಎತ್ತಿದ ನೀರನ್ನು ಆಕಾಶದಿಂದ ತೂಗಿ ತೋರಿಸಿದ್ದು ಈ ಉಪಗ್ರಹಗಳ ಅತಿ ದೊಡ್ಡ ಕೊಡುಗೆ ಎನ್ನಬೇಕು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 25,000 ಕೋಟಿ ಟನ್‌ಗೂ ಹೆಚ್ಚು ಹಿಮ ಕಳೆದುಕೊಳ್ಳುತ್ತಿರುವುದೂ ಹೀಗೇ ತಿಳಿಯಿತು. 1990ರ ದಶಕದ ಕೊನೆಯಿಂದ ಭೂಮಿಯ ನಡುವಿನ ಉಬ್ಬು ಇಳಿಯುವುದನ್ನು ಬಿಟ್ಟು ಏರುವತ್ತ ತಿರುಗಿದ್ದಕ್ಕೆ ಮುಖ್ಯ ಕಾರಣ, ಧ್ರುವಗಳ ಕಡೆಯಿಂದ ಕರಗಿ ಸಾಗರಗಳಿಗೆ ಹರಡಿದ ಇಂಥ ನೀರೇ.

ಈ ತಕ್ಕಡಿಗೆ ಮಿತಿಯೂ ಇದೆ. ಮುನ್ನೂರು ಕಿಲೋಮೀಟರ್‌ಗಿಂತ ಚಿಕ್ಕ ಪ್ರದೇಶ ಅದಕ್ಕೆ ಸ್ಪಷ್ಟವಾಗದು. ಒಂದು ತಾಲ್ಲೂಕಿನ ಅಂತರ್ಜಲಕ್ಕೆ ಬಾವಿಯನ್ನೇ ಅಳೆಯಬೇಕು. ಅಂಟಾರ್ಕ್ಟಿಕಾದಲ್ಲಿ ಹಿಮ ಕರಗಿ ಇಳಿದ ಭಾರವನ್ನೂ, ಮೇಲೇಳುವ ಶಿಲೆ ತಂದ ಭಾರವನ್ನೂ ಬೇರ್ಪಡಿಸುವುದು ಇಂದಿಗೂ ಕಷ್ಟ.

ಬ್ಯಾಟರಿ ಸೋತು ಗ್ರೇಸ್ 2017ರಲ್ಲಿ ಕೆಲಸ ನಿಲ್ಲಿಸಿತು. 2018ರ ಮೇ 22ರಂದು ಹಾರಿದ ಗ್ರೇಸ್ ಫಾಲೋ-ಆನ್ ಜೋಡಿ ಅದನ್ನು ಮುಂದುವರಿಸಿದ್ದು, ಮೈಕ್ರೋವೇವ್ ಜೊತೆಗೆ ಲೇಸರ್‌ನಿಂದಲೂ ಅಂತರ ಅಳೆಯುತ್ತದೆ.