ಮೂಲವ್ಯಾಧಿ: ನಾಚಿಕೆ ಬೇಡ, ಕೊಯ್ತಾರೆಂಬ ಭಯವೂ ಬೇಡ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಮ್ಮ ಸಂಘಗಳಲ್ಲಿ ಸಾಲ, ಉಳಿತಾಯದ ಮಾತು ಬಾಯ್ತುಂಬ ಆಡುತ್ತೇವೆ. ಮಲದಲ್ಲಿ ರಕ್ತ ಹೋದರೆ ಮಾತ್ರ ಬಾಯಿ ಬಿಡುವುದಿಲ್ಲ. ‘ಹೇಳಿದ್ರೆ ಆಪರೇಷನ್ ಅಂತಾರೆ’ ಅನ್ನೋ ಹೆದರಿಕೆ.

ಗುದದ್ವಾರದ ರಕ್ತನಾಳಗಳು ಊದಿಕೊಳ್ಳುವುದೇ ಮೂಲವ್ಯಾಧಿ. ಮಲಬದ್ಧತೆ, ತಿಣುಕುವುದು, ಬಸಿರು ಇದಕ್ಕೆ ಮುಖ್ಯ ಕಾರಣಗಳು. ರೇಷ್ಮೆ ನೂಲು ತೆಗೆಯುವ ಕಡೆ, ಹೊಲದಲ್ಲಿ, ಶೌಚಕ್ಕೆ ಹೋಗದೆ ತಡೆದುಕೊಂಡರೆ ಮಲಬದ್ಧತೆ ಹೆಚ್ಚುತ್ತದೆ. ಶುರುವಿನಲ್ಲಿ ಮುದ್ದೆ ಜೊತೆ ಸೊಪ್ಪು, ಕಾಳು, ಸಾಕಷ್ಟು ನೀರು, ವೈದ್ಯರು ಕೊಟ್ಟ ಔಷಧಿಯಿಂದಲೇ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ.

ಆಗಲಿಲ್ಲವೆಂದರೆ ಕೊಯ್ಯದೆ ಮಾಡುವ ಚಿಕಿತ್ಸೆಗಳಿವೆ:

೧. ರಬ್ಬರ್ ಬ್ಯಾಂಡ್: ಒಳಗಿನ ಮೂಲದ ಬುಡಕ್ಕೆ ಚಿಕ್ಕ ರಬ್ಬರ್ ಉಂಗುರ ಹಾಕುತ್ತಾರೆ. ರಕ್ತ ಸಿಗದೆ ಅದು ಸುಮಾರು ೭ರಿಂದ ೧೦ ದಿನದಲ್ಲಿ ಉದುರುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

೨. ಇಂಜೆಕ್ಷನ್: ಔಷಧಿ ಚುಚ್ಚಿ ಮೂಲವನ್ನು ಕುಗ್ಗಿಸುತ್ತಾರೆ.

ಚಿಕಿತ್ಸೆಯ ನಂತರ ಜ್ವರ, ವಿಪರೀತ ನೋವು, ಹೆಚ್ಚು ರಕ್ತ, ಮೂತ್ರ ಕಟ್ಟುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮೂಲ ದೊಡ್ಡದಾಗಿ ಹೊರಗೇ ನಿಂತರೆ ಆಪರೇಷನ್ ಬೇಕಾಗಬಹುದು. ಅಲ್ಲಿಯವರೆಗೂ ಬಿಡುವುದೇಕೆ?

‘ಗ್ಯಾರಂಟಿ ಗುಣ’ ಎಂಬ ಬೋರ್ಡು ನಂಬಬೇಡಿ. ಕರುಳಿನ ಕ್ಯಾನ್ಸರಿನಲ್ಲೂ ಹೀಗೇ ರಕ್ತ ಹೋಗಬಹುದು; ಪರೀಕ್ಷೆಯಿಲ್ಲದೆ ತಿಳಿಯದು. ಸರ್ಕಾರಿ ಆಸ್ಪತ್ರೆಗೆ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ. ಒಬ್ಬರೇ ಹೋಗಲು ಸಂಕೋಚವೇ? ಸಂಘದ ಗೆಳತಿಯನ್ನು ಜೊತೆಗೆ ಕರೆದುಕೊಳ್ಳಿ.